ಏಳರ ಸ್ವರಕ್ಕೆ ಏನೆಂದು ಹೆಸರಿಡೋಣ?

ಮಕ್ಕಳೇ, ಇದನ್ನು ಓದುವಾಗ ಪಕ್ಕದಲ್ಲಿ ಒಂದು ಗಿಟಾರ್ ಇದ್ದರೆ ಒಳ್ಳೆಯದು. ವೀಣೆ, ತಂಬೂರಿ, ಪಿಟೀಲು ಇದ್ದರೂ ಆದೀತು. ಮೊದಲು ಒಂದು ದಪ್ಪ ತಂತಿಯನ್ನು ಮೀಟಿ, ಅದರ ಸ್ವರವನ್ನು ಗುನುಗಿ ಮನಸ್ಸಿನಲ್ಲಿಟ್ಟುಕೊಳ್ಳಿ. ಅದೇ ಇವತ್ತಿನ ನಮ್ಮ ಷಡ್ಜ, ಅಂದರೆ 'ಸ'.

ಈಗ ಅಳತೆಯ ಟೇಪು ತನ್ನಿ. ಸಾಮಾನ್ಯ ಗಿಟಾರಿನಲ್ಲಿ ಅದುರುವ ತಂತಿಯ ಉದ್ದ ಸುಮಾರು 65 ಸೆಂಟಿಮೀಟರ್. ಅದರ ಸರಿ ಅರ್ಧಕ್ಕೆ, ಅಂದರೆ 32.5 ಸೆಂಟಿಮೀಟರಿಗೆ, ಎಡಗೈ ಬೆರಳನ್ನು ತಂತಿಗೆ ತಾಗಿಸಿ. ಒತ್ತಬೇಡಿ, ಮುಟ್ಟಿದರೆ ಸಾಕು. ಬಲಗೈಯಿಂದ ಕುದುರೆಯ ಹತ್ತಿರ ಮೀಟಿ, ಕೂಡಲೇ ಎಡಬೆರಳನ್ನು ತೆಗೆದುಬಿಡಿ. ತೆಳುವಾದ, ತಿಳಿಯಾದ ಒಂದು ಸ್ವರ ಎದ್ದು ಬರುತ್ತದೆ. ಅದು ಮೇಲಿನ 'ಸ'.

ಹಾಗೆಯೇ ತಂತಿಯ ಮೂರನೇ ಒಂದು ಭಾಗಕ್ಕೆ, ಅಂದರೆ ಮೇಲ್ತುದಿಯಿಂದ 21.7 ಸೆಂಟಿಮೀಟರಿಗೆ, ಬೆರಳು ತಾಗಿಸಿ ಮೀಟಿ. ಈಗ ಬಂದದ್ದು ಪಂಚಮ, 'ಪ'. ಐದನೇ ಒಂದು ಭಾಗಕ್ಕೆ, 13 ಸೆಂಟಿಮೀಟರಿಗೆ ತಾಗಿಸಿ. ಇದು ಗಾಂಧಾರ, 'ಗ'. ಈಗ ಏಳನೇ ಒಂದು ಭಾಗ: ಸುಮಾರು 9.3 ಸೆಂಟಿಮೀಟರ್. ಮೂರನೇ ಫ್ರೆಟ್ಟಿಗಿಂತ ತುಸು ಮೊದಲೇ ಈ ಜಾಗ ಬರುತ್ತದೆ. ಸ್ವರ ಮೆಲುವಾಗಿರುತ್ತದೆ, ಒಂದೆರಡು ಸಲ ಬೆರಳನ್ನು ಆಚೀಚೆ ಸರಿಸಿ ಹುಡುಕಬೇಕಾದೀತು. ಸಿಕ್ಕಿದ ಮೇಲೆ ಗಮನವಿಟ್ಟು ಕೇಳಿ. ನಿಷಾದದ ಹಾಗೆ ಇದೆ, ಆದರೆ ನೀವು ಹಾರ್ಮೋನಿಯಂನಲ್ಲಿ ಕೇಳಿದ ನಿಷಾದ ಅಲ್ಲ. ಅದಕ್ಕಿಂತ ಒಂದಿಷ್ಟು ತಗ್ಗು. ಹಾರ್ಮೋನಿಯಂನ ಯಾವ ಮನೆಯನ್ನು ಒತ್ತಿದರೂ ಈ ಸ್ವರ ಬರುವುದಿಲ್ಲ.

ಹಾಗಾದರೆ ಇದಕ್ಕೆ ಏನೆಂದು ಕರೆಯಬೇಕು? ಕಾಗದದ ಮೇಲೆ ಬರೆಯುವುದು ಹೇಗೆ? ಇನ್ನೊಂದು ಊರಿನಲ್ಲಿ ಕುಳಿತ ಹುಡುಗಿಯೊಬ್ಬಳು ನಮ್ಮ ಕಾಗದವನ್ನು ನೋಡಿ ಸರಿಯಾಗಿ ಇದೇ ಸ್ವರವನ್ನು ಹಾಡುವಂತೆ ಮಾಡುವುದು ಹೇಗೆ? ಇದೇ ನಾವು ಈಗ ಬಿಡಿಸಬೇಕಾದ ಪ್ರಶ್ನೆ. ಇದನ್ನು ಬಿಡಿಸಲು ಗಣಿತದಲ್ಲಿ ನೀವು ಕಲಿತ ಅವಿಭಾಜ್ಯ ಸಂಖ್ಯೆಗಳೇ ನೆರವಿಗೆ ಬರುತ್ತವೆ.

ತಂತಿಯೊಳಗಿನ ಸ್ವರಗಳು

ಒಂದು ತಂತಿಯನ್ನು ಮೀಟಿದಾಗ ಅದು ಇಡಿಯಾಗಿ ಅದುರುತ್ತದೆ. ಅದೇ ಹೊತ್ತಿಗೆ ಎರಡು ಭಾಗವಾಗಿ, ಮೂರು ಭಾಗವಾಗಿ, ನಾಲ್ಕು, ಐದು, ಆರು, ಏಳು ಭಾಗವಾಗಿಯೂ ಅದುರುತ್ತಿರುತ್ತದೆ. ಭಾಗ ಚಿಕ್ಕದಾದಷ್ಟೂ ಅದುರುವಿಕೆ ಚುರುಕು, ಸ್ವರ ಎತ್ತರ. ಎರಡು ಭಾಗವಾದರೆ ವೇಗ ಎರಡರಷ್ಟು, ಏಳು ಭಾಗವಾದರೆ ಏಳರಷ್ಟು. ಹೀಗೆ ಒಂದೇ ತಂತಿಯಿಂದ ಹೊರಡುವ ಸ್ವರಗಳ ಸಾಲಿಗೆ ಹಾರ್ಮೋನಿಕ್‌ಗಳು ಎಂದು ಹೆಸರು. ಬೆರಳು ತಾಗಿಸಿದಾಗ ನೀವು ಹೊಸ ಸ್ವರವನ್ನು ಉಂಟುಮಾಡಲಿಲ್ಲ. ಉಳಿದವನ್ನು ತಡೆದು, ಒಳಗೇ ಇದ್ದ ಒಂದನ್ನು ಕೇಳಿಸುವ ಹಾಗೆ ಮಾಡಿದಿರಿ.

ಸಂಗೀತ ಪಾಠಕ್ಕೆ ಹೋಗುವವರಿಗೆ ಇದರ ಪರಿಚಯ ಇದ್ದೇ ಇದೆ. ತಂಬೂರಿಯ ತಂತಿಗಳನ್ನು ಸಾಮಾನ್ಯವಾಗಿ 'ಸ' ಮತ್ತು 'ಪ'ಕ್ಕೆ ಕೂಡಿಸುತ್ತಾರೆ. ಚೆನ್ನಾಗಿ ಶ್ರುತಿಯಾದ ತಂಬೂರಿಗೆ ಕಿವಿಗೊಟ್ಟರೆ, ಯಾವ ತಂತಿಯೂ ಗಾಂಧಾರಕ್ಕೆ ಕೂಡಿರದಿದ್ದರೂ, ಅಂತರ ಗಾಂಧಾರ ತಾನಾಗಿ ತೇಲಿಬರುತ್ತದೆ. ಅದು ಷಡ್ಜದ ಐದನೇ ಹಾರ್ಮೋನಿಕ್.

ಲೆಕ್ಕಕ್ಕೆ ಅನುಕೂಲವಾಗಲೆಂದು 'ಸ' ಸೆಕೆಂಡಿಗೆ 240 ಸಲ ಅದುರುತ್ತದೆ ಎಂದಿಟ್ಟುಕೊಳ್ಳೋಣ. ಅಂದರೆ ಅದರ ಆವೃತ್ತಿ 240 ಹರ್ಟ್ಜ್. ಮೂರನೇ ಹಾರ್ಮೋನಿಕ್ 720. ಇದು ಮೇಲಿನ ಸ್ಥಾಯಿಗೆ ಹೋಗಿಬಿಟ್ಟಿತು. ಆವೃತ್ತಿಯನ್ನು ಅರ್ಧ ಮಾಡಿದರೆ ಅದೇ ಸ್ವರ ಒಂದು ಸ್ಥಾಯಿ ಕೆಳಗೆ ಬರುತ್ತದೆ ಎಂಬುದು ನೆನಪಿರಲಿ. 720ರ ಅರ್ಧ 360: ಇದು ನಮ್ಮ 'ಪ'. ಐದನೇ ಹಾರ್ಮೋನಿಕ್ 1200. ಎರಡು ಸಲ ಅರ್ಧ ಮಾಡಿದರೆ 300: ಇದು 'ಗ'. ಏಳನೆಯದು 1680. ಎರಡು ಸಲ ಅರ್ಧ ಮಾಡಿದರೆ 420. ಇದೇ ನಾವು ಹೆಸರಿಡಬೇಕಾದ ಸ್ವರ. ಈಗಿನ ಕೀಬೋರ್ಡು ಈ ಜಾಗದಲ್ಲಿ ಕೊಡುವ ನಿಷಾದ ಸುಮಾರು 427.6.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಮೂರನೇ ಹಾರ್ಮೋನಿಕ್ ಕೊಟ್ಟದ್ದು ಐದನೇ ಸ್ವರವಾದ ಪಂಚಮವನ್ನು. ಐದನೇ ಹಾರ್ಮೋನಿಕ್ ಕೊಟ್ಟದ್ದು ಮೂರನೇ ಸ್ವರವಾದ ಗಾಂಧಾರವನ್ನು. ಹಾರ್ಮೋನಿಕ್‌ನ ಸಂಖ್ಯೆ ಬೇರೆ, ಸ್ವರಗಳ ಸಾಲಿನಲ್ಲಿ ಅದರ ಸ್ಥಾನ ಬೇರೆ. ಇವೆರಡನ್ನು ಬೆರೆಸಿಕೊಂಡರೆ ಮುಂದಿನ ಲೆಕ್ಕವೆಲ್ಲ ಗೋಜಲಾಗುತ್ತದೆ.

ಪುಟ್ಟ ಸಂಖ್ಯೆಗಳ ಶ್ರುತಿ

'ಪ' ಮತ್ತು 'ಸ'ಗಳ ಆವೃತ್ತಿಗಳನ್ನು ಭಾಗಿಸಿ ನೋಡಿ. 360ಕ್ಕೂ 240ಕ್ಕೂ ಇರುವ ಅನುಪಾತ 3:2. 'ಗ' ಮತ್ತು 'ಸ'ಗಳದ್ದು 5:4. ಸ್ವರಗಳ ನಡುವಿನ ಅಂತರವನ್ನು ಹೀಗೆ ಪುಟ್ಟ ಪೂರ್ಣಸಂಖ್ಯೆಗಳ ಅನುಪಾತದಲ್ಲಿ ಇಟ್ಟುಕೊಳ್ಳುವ ಪದ್ಧತಿಗೆ ಪಶ್ಚಿಮದವರು ಜಸ್ಟ್ ಇಂಟೊನೇಶನ್ ಎನ್ನುತ್ತಾರೆ. ನಾವು ಇಲ್ಲಿ ಶುದ್ಧ ಶ್ರುತಿ ಎನ್ನೋಣ. ಆ ಲೆಕ್ಕದಲ್ಲಿ ಧೀರಶಂಕರಾಭರಣದ ಸ್ವರಗಳನ್ನು ಹೀಗೆ ಬರೆಯಬಹುದು: ಸ 240, ರಿ 270, ಗ 300, ಮ 320, ಪ 360, ಧ 400, ನಿ 450, ಮೇಲಿನ ಸ 480.

ಪುಟ್ಟ ಸಂಖ್ಯೆಗಳೇ ಏಕೆ ಹಿತವಾಗಿ ಕೇಳಿಸುತ್ತವೆ? 240ರ 'ಸ'ವನ್ನೂ 300ರ 'ಗ'ವನ್ನೂ ಒಟ್ಟಿಗೆ ನುಡಿಸಿ. 'ಸ'ದ ಐದನೇ ಹಾರ್ಮೋನಿಕ್ 240 × 5, ಅಂದರೆ 1200. 'ಗ'ದ ನಾಲ್ಕನೇ ಹಾರ್ಮೋನಿಕ್ 300 × 4, ಅದೂ 1200. ಎರಡೂ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಈಗ 'ಗ'ವನ್ನು ತುಸು ಮೇಲೆತ್ತಿ 303.75 ಮಾಡಿ. ಅದರ ನಾಲ್ಕನೇ ಹಾರ್ಮೋನಿಕ್ 1215 ಆಗುತ್ತದೆ. 1200 ಮತ್ತು 1215 ಒಟ್ಟಿಗೆ ಕೇಳಿದಾಗ ಧ್ವನಿ ಸೆಕೆಂಡಿಗೆ 15 ಸಲ ಏರಿಳಿಯುತ್ತದೆ. ಈ ತುಯ್ತಕ್ಕೆ ಬೀಟ್ ಎನ್ನುತ್ತಾರೆ. ಕಿವಿಗೆ ಅದು ಒರಟಾಗಿ ತಾಗುತ್ತದೆ. ಗಾಯಕರು 'ಶ್ರುತಿ ಸೇರಿತು' ಎನ್ನುವ ಗಳಿಗೆಯಲ್ಲಿ ಇಂಥ ತುಯ್ತ ನಿಂತಿರುತ್ತದೆ.

ನಮ್ಮ 420ರ ಸ್ವರವನ್ನೂ ಹೀಗೆ ಪರೀಕ್ಷಿಸಿ. 420 × 4 = 1680. 240 × 7 = 1680. ಸರಿಯಾಗಿ ಕೂಡಿತು! ಅದು ಅಪಸ್ವರವೇನಲ್ಲ. ಅದರ ಅನುಪಾತ 7:4. ಅಮೆರಿಕದಲ್ಲಿ ಬಾರ್ಬರ್‌ಶಾಪ್ ಎಂಬ ಗಾಯನಶೈಲಿಯಿದೆ. ನಾಲ್ವರು ವಾದ್ಯವಿಲ್ಲದೆ ಒಟ್ಟಿಗೆ ಹಾಡುತ್ತಾರೆ. ಆ ಶೈಲಿಯ ಅಚ್ಚುಮೆಚ್ಚಿನ ಸ್ವರಗುಚ್ಛ 4:5:6:7, ನಮ್ಮ ಲೆಕ್ಕದಲ್ಲಿ 240, 300, 360, 420. ನಾಲ್ವರೂ ಸರಿಯಾಗಿ ಕೂಡಿದಾಗ ಇಡೀ ಕೋಣೆ ಝೇಂಕರಿಸುತ್ತದೆ.

ಏಳಕ್ಕಿಂತ ಮುಂದಿನವೂ ಇವೆ. ಸ್ವಿಟ್ಜರ್ಲೆಂಡಿನ ಬೆಟ್ಟಗಳಲ್ಲಿ ಆಲ್ಪ್‌ಹಾರ್ನ್ ಎಂಬ ಉದ್ದನೆಯ ಮರದ ಕಹಳೆ ಊದುತ್ತಾರೆ. ಅದಕ್ಕೆ ರಂಧ್ರಗಳಿಲ್ಲ, ಗುಂಡಿಗಳಿಲ್ಲ. ಹಾರ್ಮೋನಿಕ್‌ಗಳಷ್ಟೇ ಅದರ ಸ್ವರಗಳು. ಹನ್ನೊಂದನೇ ಹಾರ್ಮೋನಿಕ್ ಶುದ್ಧ ಮಧ್ಯಮಕ್ಕೂ ಪ್ರತಿ ಮಧ್ಯಮಕ್ಕೂ ಹೆಚ್ಚು ಕಡಿಮೆ ನಟ್ಟನಡುವೆ ಬೀಳುತ್ತದೆ. ಅಲ್ಲಿನವರು ಅದಕ್ಕೆ 'ಆಲ್ಪ್‌ಹಾರ್ನ್ ಫಾ' ಎಂದೇ ಹೆಸರಿಟ್ಟಿದ್ದಾರೆ. ಇಂಗ್ಲೆಂಡಿನ ಬೆಂಜಮಿನ್ ಬ್ರಿಟನ್ 1943ರಲ್ಲಿ ಗಾಯಕ, ಹಾರ್ನ್ ಮತ್ತು ತಂತಿವಾದ್ಯಗಳಿಗಾಗಿ ಒಂದು ಕೃತಿ ರಚಿಸಿದರು. ಅದರ ಮೊದಲಿಗೂ ಕೊನೆಗೂ ಹಾರ್ನ್ ಒಂದೇ, ಗುಂಡಿಗಳನ್ನು ಮುಟ್ಟದೆ, ಬರಿಯ ಹಾರ್ಮೋನಿಕ್‌ಗಳಲ್ಲಿ ನುಡಿಯಬೇಕೆಂದು ಅವರು ಸೂಚಿಸಿದ್ದಾರೆ.

ಎರಡು ಗಾಂಧಾರಗಳ ಕಥೆ

ಈಗ ಒಂದು ಸೋಜಿಗ ನೋಡೋಣ. 303.75 ಎಂಬ ಸಂಖ್ಯೆಯನ್ನು ಮೇಲೆ ನಾನು ಸುಮ್ಮನೆ ಆರಿಸಲಿಲ್ಲ. 'ಸ'ದಿಂದ ಪಂಚಮದ ಜಿಗಿತ ಜಿಗಿಯುತ್ತ ಹೋಗಿ. ಪ್ರತಿ ಜಿಗಿತಕ್ಕೂ 3:2ರಿಂದ ಗುಣಿಸಬೇಕು. ಸ್ಥಾಯಿ ದಾಟಿದರೆ ಅರ್ಧ ಮಾಡಬೇಕು. 240ರಿಂದ 360, ಇದು 'ಪ'. ಅಲ್ಲಿಂದ 540, ಅರ್ಧ ಮಾಡಿದರೆ 270, ಇದು 'ರಿ'. ಅಲ್ಲಿಂದ 405, ಇದು 'ಧ'. ಅಲ್ಲಿಂದ 607.5, ಅರ್ಧ ಮಾಡಿದರೆ 303.75. ಇದು 'ಗ'!

ಐದನೇ ಹಾರ್ಮೋನಿಕ್ ಕೊಟ್ಟ 'ಗ' 300, ಪಂಚಮದ ಜಿಗಿತಗಳು ಕೊಟ್ಟ 'ಗ' 303.75. ಲೆಕ್ಕ ತಪ್ಪಿಲ್ಲ. ಎರಡೂ ಸರಿ. 'ಧ'ವನ್ನೂ ನೋಡಿ, ಒಂದು 400, ಇನ್ನೊಂದು 405. ಭಾಗಿಸಿದರೆ ಎರಡು ಕಡೆಯೂ ಸಿಗುವ ಅನುಪಾತ ಒಂದೇ: 81:80. ಇಷ್ಟು ಪುಟ್ಟ ಅಂತರಕ್ಕೆ ಕಾಮಾ ಎಂದು ಹೆಸರು. ಪ್ರಾಚೀನ ಗ್ರೀಕ್ ಪಂಡಿತ ಡಿಡಿಮಸ್‌ನ ನೆನಪಿಗೆ ಇದನ್ನು ಡಿಡಿಮಸ್‌ನ ಕಾಮಾ ಎಂದೂ ಕರೆಯುತ್ತಾರೆ.

ನಮ್ಮ ಭರತಮುನಿಯ ನಾಟ್ಯಶಾಸ್ತ್ರದಲ್ಲೂ ಇಂಥ ಪುಟ್ಟ ಅಂತರವನ್ನು ಕಿವಿಯಿಂದಲೇ ಹಿಡಿಯುವ ಪ್ರಯೋಗವೊಂದಿದೆ. ಒಂದೇ ಅಳತೆಯ ಎರಡು ವೀಣೆಗಳನ್ನು ಒಂದೇ ಶ್ರುತಿಗೆ ಕೂಡಿಸಬೇಕು. ಒಂದನ್ನು ಹಾಗೆಯೇ ಬಿಟ್ಟು, ಇನ್ನೊಂದರಲ್ಲಿ ಪಂಚಮವನ್ನು ಸ್ವಲ್ಪವೇ ಇಳಿಸಬೇಕು. ಈ ಇಳಿಕೆಗೆ ಪ್ರಮಾಣ ಶ್ರುತಿ ಎಂದು ಹೆಸರು. ಅದನ್ನು 81:80ಕ್ಕೆ ಹೊಂದಿಸಿ ಲೆಕ್ಕ ಹಾಕುವ ವಿದ್ವಾಂಸರು ಅನೇಕರಿದ್ದಾರೆ.

ಹೆಸರಿಡುವ ಮೂರು ದಾರಿಗಳು

ಎರಡು 'ಗ', ಎರಡು 'ಧ', ಏಳರಿಂದ ಹುಟ್ಟಿದ ಒಂದು ನಿಷಾದ, ಹನ್ನೊಂದರಿಂದ ಹುಟ್ಟಿದ ಒಂದು ಮಧ್ಯಮ. ಇವುಗಳನ್ನೆಲ್ಲ ಗುರುತಿಸುವುದು ಹೇಗೆ?

ಮೊದಲ ದಾರಿ ಅನುಪಾತವನ್ನೇ ಹೆಸರಾಗಿ ಬರೆಯುವುದು. ಅಮೆರಿಕದ ಹ್ಯಾರಿ ಪಾರ್ಚ್ ಹಿಡಿದದ್ದು ಈ ದಾರಿ. 1901ರಲ್ಲಿ ಹುಟ್ಟಿದ ಇವರು ಒಂದು ಸ್ಥಾಯಿಯಲ್ಲಿ 43 ಸ್ವರಗಳಿರುವ ಪದ್ಧತಿಯನ್ನು ಕಟ್ಟಿದರು. ಅದರಲ್ಲಿ 11ರವರೆಗಿನ ಸಂಖ್ಯೆಗಳಿಂದ ಹುಟ್ಟುವ ಅನುಪಾತಗಳಿವೆ. ಅಂಗಡಿಯಲ್ಲಿ ಸಿಗುವ ವಾದ್ಯಗಳು ಈ ಸ್ವರಗಳನ್ನು ನುಡಿಸಲಾರವು. ಅದಕ್ಕಾಗಿ ಪಾರ್ಚ್ ತಾವೇ ವಾದ್ಯಗಳನ್ನು ತಯಾರಿಸಿದರು. ಪ್ರಯೋಗಾಲಯ ಬಿಸಾಡಿದ ದೊಡ್ಡ ಗಾಜಿನ ಬುರುಡೆಗಳನ್ನು ಕತ್ತರಿಸಿ, ಚೌಕಟ್ಟಿಗೆ ತೂಗುಹಾಕಿ, ಬಡಿದು ನುಡಿಸುವ ವಾದ್ಯ ಮಾಡಿದರು. ಹಳೆಯ ಹಾರ್ಮೋನಿಯಂ ಜಾತಿಯ ವಾದ್ಯವೊಂದನ್ನು ಹೊಸದಾಗಿ ಶ್ರುತಿ ಮಾಡಿ, ಮನೆಗಳ ಮೇಲೆ ಬಣ್ಣ ಹಚ್ಚಿ ಅನುಪಾತಗಳನ್ನು ಬರೆದರು. ಇದನ್ನೆಲ್ಲ ವಿವರಿಸುವ ಅವರ ಪುಸ್ತಕ 1949ರಲ್ಲಿ ಹೊರಬಂತು.

ಅನುಪಾತ ಬಹಳ ಖಚಿತವಾದ ಹೆಸರು. 7:4 ಎಂದರೆ 7:4, ಅದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಆದರೆ ವೇಗವಾಗಿ ನುಡಿಸುವಾಗ 16:11, 21:16, 27:20 ಎಂಬ ಸಂಖ್ಯೆಗಳ ಸಾಲನ್ನು ಓದುವುದು ಕಷ್ಟ. ಯಾವುದು ಎತ್ತರ, ಯಾವುದು ತಗ್ಗು ಎಂಬುದು ಕಣ್ಣಿಗೆ ಥಟ್ಟನೆ ಕಾಣುವುದಿಲ್ಲ. ಪಾರ್ಚ್ ಅವರ ಒಂದೊಂದು ವಾದ್ಯಕ್ಕೂ ಒಂದೊಂದು ಬರವಣಿಗೆ ಇದ್ದುದರಿಂದ, ಒಂದು ವಾದ್ಯ ಕಲಿತವರು ಇನ್ನೊಂದರ ಹಾಳೆಯನ್ನು ಸುಲಭವಾಗಿ ಓದುವಂತಿರಲಿಲ್ಲ.

ಎರಡನೇ ದಾರಿ ಅಳತೆ. ಇಂಗ್ಲೆಂಡಿನ ಅಲೆಕ್ಸಾಂಡರ್ ಎಲ್ಲಿಸ್ ಅವರು 1885ರಲ್ಲಿ ಬೇರೆ ಬೇರೆ ದೇಶಗಳ ಸ್ವರಶ್ರೇಣಿಗಳನ್ನು ಅಳೆದು ಒಂದು ಪ್ರಬಂಧ ಬರೆದರು. ಅಳೆಯಲು ಅವರು ಬಳಸಿದ ಮಾನ ಸೆಂಟ್. ಒಂದು ಸ್ಥಾಯಿಗೆ 1200 ಸೆಂಟ್, ಕೀಬೋರ್ಡಿನ ಅಕ್ಕಪಕ್ಕದ ಎರಡು ಮನೆಗಳ ನಡುವೆ 100 ಸೆಂಟ್. ಈ ಮಾನದಲ್ಲಿ 3:2 ಎಂಬುದು ಸುಮಾರು 702 ಸೆಂಟ್, 5:4 ಸುಮಾರು 386, 7:4 ಸುಮಾರು 969, 11:8 ಸುಮಾರು 551. ಕಾಮಾ ಸುಮಾರು 21.5. ಈಗ ಯಾವುದು ದೊಡ್ಡದು, ಯಾವುದು ಚಿಕ್ಕದು ಎಂದು ನೋಡಿದ ತಕ್ಷಣ ಹೇಳಬಹುದು. ಕೀಬೋರ್ಡಿನ ನಿಷಾದ 1000 ಸೆಂಟಿನಲ್ಲಿದೆ, ನಮ್ಮ ಏಳರ ಸ್ವರ ಅದಕ್ಕಿಂತ 31 ಸೆಂಟ್ ತಗ್ಗು. ಆದರೆ 969 ಎಂಬ ಅಂಕಿಯನ್ನು ನೋಡಿ ಈ ಸ್ವರ ಏಳರಿಂದ ಹುಟ್ಟಿತು ಎಂದು ತಿಳಿಯಲು ಆಗುವುದಿಲ್ಲ. ಎಷ್ಟು ಎತ್ತರ ಎಂಬುದನ್ನು ಸೆಂಟ್ ಹೇಳುತ್ತದೆ. ಎಲ್ಲಿಂದ ಬಂತು ಎಂಬುದನ್ನು ಹೇಳುವುದಿಲ್ಲ.

ಮೂರನೇ ದಾರಿ ಪದಗಳು. ಏಳರಿಂದ ಹುಟ್ಟಿದ ಅಂತರಗಳಿಗೆ ಲ್ಯಾಟಿನ್ ಮೂಲದ ಸೆಪ್ಟಿಮಲ್ ಎಂಬ ವಿಶೇಷಣ, ಹನ್ನೊಂದರಿಂದ ಹುಟ್ಟಿದವಕ್ಕೆ ಅನ್‌ಡೆಸಿಮಲ್, ಹದಿಮೂರರಿಂದ ಹುಟ್ಟಿದವಕ್ಕೆ ಟ್ರೈಡೆಸಿಮಲ್. ಇದರಿಂದ ಹುಟ್ಟು ಗೊತ್ತಾಗುತ್ತದೆ. ಆದರೆ ಒಂದೇ ಅಂತರಕ್ಕೆ ಹಲವು ಹೆಸರುಗಳು ಬಂದು ಸೇರಿಕೊಂಡಿವೆ. 7:4ನ್ನು ಕೆಲವರು ಹಾರ್ಮೋನಿಕ್ ಸೆವೆಂತ್ ಎಂದರೆ, ಕೆಲವರು ಸೆಪ್ಟಿಮಲ್ ಮೈನರ್ ಸೆವೆಂತ್ ಎನ್ನುತ್ತಾರೆ, ಇನ್ನು ಕೆಲವರು ಸಬ್‌ಮೈನರ್ ಸೆವೆಂತ್ ಎನ್ನುತ್ತಾರೆ. ಮಾತಾಡುವಾಗ ಇವು ಬೇಕು. ಹಾಡಲು ಮಾತ್ರ ಸ್ವರಲಿಪಿಯಲ್ಲಿ ಕೂರುವ ಒಂದು ಗುರುತೇ ಬೇಕು.

ಒಂದು ಅವಿಭಾಜ್ಯ ಸಂಖ್ಯೆಗೆ ಒಂದು ಗುರುತು

ಅನುಪಾತಗಳು ಲೆಕ್ಕವಿಲ್ಲದಷ್ಟಿವೆ. ಪ್ರತಿಯೊಂದಕ್ಕೂ ಒಂದು ಗುರುತು ಮಾಡುತ್ತ ಹೋದರೆ ಮುಗಿಯುವುದೇ ಇಲ್ಲ. ಆದರೆ ಯಾವ ಪೂರ್ಣಸಂಖ್ಯೆಯನ್ನು ತೆಗೆದುಕೊಂಡರೂ ಅದನ್ನು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಒಡೆಯಬಹುದು ಎಂದು ನೀವು ಕಲಿತಿದ್ದೀರಲ್ಲ? 9 ಎಂದರೆ 3 × 3. 15 ಎಂದರೆ 3 × 5. 35 ಎಂದರೆ 5 × 7. ಅದೇ ಸೂತ್ರ ಇಲ್ಲಿಯೂ ನಡೆಯುತ್ತದೆ. ಒಂಬತ್ತನೇ ಹಾರ್ಮೋನಿಕ್‌ಗೆ ಹೊಸ ಗುರುತು ಬೇಡ, ಅದು ಪಂಚಮದ ಮೇಲೆ ಪಂಚಮ. ಹದಿನೈದಕ್ಕೂ ಬೇಡ, ಅದು ಗಾಂಧಾರದ ಮೇಲೆ ಪಂಚಮ. ಆದರೆ 7ನ್ನು 2, 3, 5ರಿಂದ ಹೇಗೆ ಗುಣಿಸಿದರೂ ಪಡೆಯಲಾಗದು. ಅದು ತಂದದ್ದು ನಿಜಕ್ಕೂ ಹೊಸ ಸ್ವರ. ಹನ್ನೊಂದೂ ಹಾಗೆಯೇ, ಹದಿಮೂರೂ ಹಾಗೆಯೇ. ಆದ್ದರಿಂದ ಒಂದೊಂದು ಅವಿಭಾಜ್ಯ ಸಂಖ್ಯೆಗೆ ಒಂದೊಂದು ಗುರುತು ಇದ್ದರೆ ಸಾಕು.

ಈ ಸೂತ್ರವನ್ನು ಬಳಸಿ ಮಾರ್ಕ್ ಸಬಾಟ್ ಮತ್ತು ವುಲ್ಫ್‌ಗಾಂಗ್ ಫೋನ್ ಶ್ವೈನಿಟ್ಸ್ ಎಂಬ ಸಂಗೀತ ರಚನಕಾರರು 2000ದ ದಶಕದ ಆರಂಭದಲ್ಲಿ ಒಂದು ಸ್ವರಲಿಪಿಯನ್ನು ರೂಪಿಸಿದರು. ಸ್ವರಗಳ ವಿಜ್ಞಾನವನ್ನು ಕುರಿತು 1863ರಲ್ಲಿ ದೊಡ್ಡ ಗ್ರಂಥ ಬರೆದ ಜರ್ಮನಿಯ ಹೆಲ್ಮ್‌ಹೋಲ್ಟ್ಸ್, ಅದನ್ನು ಇಂಗ್ಲಿಷಿಗೆ ತಂದ ಎಲ್ಲಿಸ್, ಈ ಇಬ್ಬರ ಗೌರವಾರ್ಥ ಅದಕ್ಕೆ ಹೆಲ್ಮ್‌ಹೋಲ್ಟ್ಸ್-ಎಲ್ಲಿಸ್ ಲಿಪಿ ಎಂದು ಹೆಸರು.

ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ಮನೆ ಹುಡುಕಿದ್ದೀರಾ? ಮೊದಲು ಮೇನ್ ರೋಡ್ ಹಿಡಿಯಬೇಕು, ಆಮೇಲೆ ಸರಿಯಾದ ಕ್ರಾಸಿಗೆ ತಿರುಗಬೇಕು. ಈ ಲಿಪಿಯಲ್ಲಿ ಪಂಚಮದ ಜಿಗಿತಗಳ ಸಾಲೇ ಮೇನ್ ರೋಡ್. ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಆ ರಸ್ತೆಯ ಮನೆಗಳು ಕ್ರಮವಾಗಿ ನಿ, ಮ, ಸ, ಪ, ರಿ, ಧ, ಗ. ಇಲ್ಲಿನ 'ನಿ' ಮೇಲೆ ಬರೆದ 450ರದ್ದಲ್ಲ, ಅದಕ್ಕಿಂತ ತಗ್ಗಿನ ಕೋಮಲ 'ನಿ'. ಅವುಗಳ ಆವೃತ್ತಿ 426.67, 320, 240, 360, 270, 405, 303.75. ಪಕ್ಕಪಕ್ಕದ ಯಾವ ಎರಡನ್ನು ತೆಗೆದುಕೊಂಡರೂ ನಡುವೆ ಇರುವುದು ಒಂದು ಪಂಚಮ. ಈ ಏಳಕ್ಕೆ ಪಶ್ಚಿಮದವರ ಮಾಮೂಲು ಸ್ವರಾಕ್ಷರಗಳೇ ಸಾಕು. ಹೊಸ ಗುರುತು ಬೇಕಿಲ್ಲ. ಇನ್ನು 5, 7, 11, 13 ಇವು ಒಂದೊಂದೂ ಒಂದು ಕ್ರಾಸ್.

ಐದರ ಗುರುತು ಒಂದು ಬಾಣ. ಕೆಳಮುಖದ ಬಾಣ ಇದ್ದರೆ ಒಂದು ಕಾಮಾದಷ್ಟು, ಅಂದರೆ 81:80ರಷ್ಟು ಇಳಿಯಬೇಕು. 303.75ರ 'ಗ'ಕ್ಕೆ ಕೆಳಬಾಣ ಹಾಕಿದರೆ ಸರಿಯಾಗಿ 300.

ಏಳರ ಗುರುತು 7ರ ಅಂಕಿಯನ್ನು ನೆನಪಿಸುವ ಒಂದು ಕೊಕ್ಕೆ. ಅದು 64:63ರಷ್ಟು ಇಳಿಸುತ್ತದೆ. 426.67ರ 'ನಿ'ಯನ್ನು 63ರಿಂದ ಗುಣಿಸಿ 64ರಿಂದ ಭಾಗಿಸಿ. 420! ನಾವು ಹುಡುಕುತ್ತಿದ್ದ ಸ್ವರ ಸಿಕ್ಕಿತು. ಏಳರ ಸ್ವರದ ಹೆಸರು: 'ನಿ', ಜೊತೆಗೆ ಒಂದು ಕೊಕ್ಕೆ.

ಹನ್ನೊಂದರ ಗುರುತು 33:32ರಷ್ಟು ಏರಿಸುತ್ತದೆ. ಪಶ್ಚಿಮದ ಶಾರ್ಪ್ ಚಿಹ್ನೆಯಲ್ಲಿ ಎರಡು ನಿಂತ ಗೆರೆಗಳಿರುತ್ತವೆ, ಇದರಲ್ಲಿ ಒಂದೇ. 320ರ 'ಮ'ಕ್ಕೆ ಇದನ್ನು ಹಾಕಿದರೆ 330, ಅಂದರೆ 11:8. ಆಲ್ಪ್‌ಹಾರ್ನ್ ಊದುವವರ ಮಧ್ಯಮವೂ ಕಾಗದಕ್ಕೆ ಇಳಿಯಿತು. ಹದಿಮೂರರ ಗುರುತು 27:26ರಷ್ಟು ಇಳಿಸುತ್ತದೆ. 405ರ 'ಧ' 390 ಆಗುತ್ತದೆ, ಅಂದರೆ 13:8.

ಇನ್ನು ತುಸು ಕಷ್ಟದ ಒಂದನ್ನು ಬರೆಯೋಣ: 35:32. ಇದರ ಆವೃತ್ತಿ 262.5. ಮಾಮೂಲು ಕೀಬೋರ್ಡಿನಲ್ಲಿ ಇದಕ್ಕೆ ಜಾಗವಿಲ್ಲ. 35 ಎಂದರೆ 5 × 7. ಹಾಗಾಗಿ ಐದರ ಬಾಣವೂ ಬೇಕು, ಏಳರ ಕೊಕ್ಕೆಯೂ ಬೇಕು. ಮೇನ್ ರೋಡಿನಲ್ಲಿ ಎಲ್ಲಿಂದ ಹೊರಡಬೇಕು? ಐದಕ್ಕಾಗಿ 'ಸ'ದಿಂದ ನಾಲ್ಕು ಮನೆ ಬಲಕ್ಕೆ ಹೋಗಿ 'ಗ'ದ ಬಳಿ ತಿರುಗಿದ್ದೆವು. ಏಳಕ್ಕಾಗಿ ಎರಡು ಮನೆ ಎಡಕ್ಕೆ ಹೋಗಿ 'ನಿ'ಯ ಬಳಿ ತಿರುಗಿದ್ದೆವು. ಎರಡನ್ನೂ ಕೂಡಿಸಿದರೆ ಬಲಕ್ಕೆ ಎರಡು ಮನೆ, ಅಂದರೆ 'ರಿ'. 'ರಿ' 270. ಬಾಣ ಇಳಿಸಿದರೆ 266.67. ಕೊಕ್ಕೆ ಇಳಿಸಿದರೆ 262.5. ಬಂದುಬಿಟ್ಟೆವು! ಈ ವಿಚಿತ್ರ ಸ್ವರದ ಹೆಸರು: 'ರಿ', ಒಂದು ಕೆಳಬಾಣ, ಒಂದು ಕೊಕ್ಕೆ. ಇದನ್ನು ಓದುವವರಿಗೆ ಸ್ವರ ಸುಮಾರು ಎಲ್ಲಿದೆ ಎಂಬುದು ಅಕ್ಷರದಿಂದ ತಿಳಿಯುತ್ತದೆ. ಅದು ಯಾವ ಯಾವ ಸಂಖ್ಯೆಗಳಿಂದ ಹುಟ್ಟಿತು ಎಂಬುದು ಗುರುತುಗಳಿಂದ ತಿಳಿಯುತ್ತದೆ.

ಇನ್ನೊಬ್ಬರ ಲಿಪಿ

ಈ ಲಿಪಿಗಿಂತ ಮೊದಲೇ ಇದೇ ಸೂತ್ರವನ್ನು ಬೇರೆ ರೀತಿಯಲ್ಲಿ ಬಳಸಿದವರು ಬೆನ್ ಜಾನ್‌ಸ್ಟನ್. 1926ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಹುಟ್ಟಿದ ಇವರು ತರುಣರಾಗಿದ್ದಾಗ ಪಾರ್ಚ್ ಅವರ ಬಳಿ ಕೆಲವು ತಿಂಗಳು ಕೆಲಸ ಮಾಡಿದರು. ಆಮೇಲೆ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೂರು ದಶಕ ಪಾಠ ಹೇಳಿದರು. ಪಾರ್ಚ್ ಹೊಸ ವಾದ್ಯಗಳನ್ನು ಕಟ್ಟಿದರೆ, ಜಾನ್‌ಸ್ಟನ್ ಪಿಟೀಲು, ವಯೋಲ, ಚೆಲ್ಲೊಗಳಂಥ ಇದ್ದ ವಾದ್ಯಗಳನ್ನೇ ನೆಚ್ಚಿಕೊಂಡರು. ಅವುಗಳಲ್ಲಿ ಫ್ರೆಟ್ ಇಲ್ಲ, ಬೆರಳಿಟ್ಟಲ್ಲಿ ಸ್ವರ. ನುಡಿಸುವವರಿಗೆ ಸರಿಯಾದ ಲಿಪಿಯೊಂದನ್ನು ಕೊಟ್ಟರೆ ಸಾಕಲ್ಲ!

ಜಾನ್‌ಸ್ಟನ್ ಪಂಚಮದ ಸಾಲಿನ ಬದಲು ಮೇಲೆ ಹೇಳಿದ 240, 270, 300, 320, 360, 400, 450 ಎಂಬ ಶುದ್ಧ ಸ್ವರಗಳನ್ನೇ ಬುನಾದಿಯಾಗಿ ಇಟ್ಟುಕೊಂಡರು. ಅದರಿಂದ ಗಾಂಧಾರಕ್ಕೆ ಬಾಣ ಬೇಕಾಗಲಿಲ್ಲ. ಕಾಮಾದಷ್ಟು ಏರಿಸಲು ಕೂಡುವ ಚಿಹ್ನೆ, ಇಳಿಸಲು ಕಳೆಯುವ ಚಿಹ್ನೆ ಇಟ್ಟರು. ಏಳಕ್ಕೆ 7ರ ಅಂಕಿಯನ್ನೇ ಬಳಸಿದರು. ಅವರ ಲೆಕ್ಕದಲ್ಲಿ ಕೋಮಲ 'ನಿ' 432, ಅಂಕಿ 7 ಅದನ್ನು 36:35ರಷ್ಟು ಇಳಿಸುತ್ತದೆ. 432ನ್ನು 35ರಿಂದ ಗುಣಿಸಿ 36ರಿಂದ ಭಾಗಿಸಿ ನೋಡಿ: ಮತ್ತೆ 420! ಹೊರಟ ಜಾಗ ಬೇರೆ, ಸೇರಿದ ಜಾಗ ಒಂದೇ.

ಆದರೆ ಈ ಬುನಾದಿಯಲ್ಲಿ ಒಂದು ತೊಡಕಿದೆ. 270ರ 'ರಿ'ಗೆ ಶುದ್ಧ ಪಂಚಮ 405. ಬುನಾದಿಯ 'ಧ' ಇರುವುದು 400ರಲ್ಲಿ. ಆದ್ದರಿಂದ ರಿ-ಧ ಎಂದು ಸುಮ್ಮನೆ ಬರೆದರೆ ಶ್ರುತಿ ಕೂಡುವುದಿಲ್ಲ, 'ಧ'ದ ಪಕ್ಕ ಕೂಡುವ ಚಿಹ್ನೆ ಹಾಕಲೇಬೇಕು. ಹೆಲ್ಮ್‌ಹೋಲ್ಟ್ಸ್-ಎಲ್ಲಿಸ್ ಲಿಪಿಯಲ್ಲಿ ಪಂಚಮಗಳೆಲ್ಲ ಸಲೀಸು, ಗಾಂಧಾರಕ್ಕೆ ಬಾಣ ಬೇಕು. ಜಾನ್‌ಸ್ಟನ್ ಲಿಪಿಯಲ್ಲಿ ಗಾಂಧಾರ ಸಲೀಸು, ಕೆಲವು ಪಂಚಮಗಳಿಗೆ ಗುರುತು ಬೇಕು. ಮೇಲೆ ನೋಡಿದ ಎರಡು ಗಾಂಧಾರಗಳ ಸಮಸ್ಯೆ ಯಾವ ಲಿಪಿಯಿಂದಲೂ ಮಾಯವಾಗುವುದಿಲ್ಲ. ಅದು ಸಂಖ್ಯೆಗಳ ಸ್ವಭಾವದಲ್ಲೇ ಇದೆ. ಅದನ್ನು ಎಲ್ಲಿ ತೋರಿಸಬೇಕು ಎಂಬುದಷ್ಟೇ ಲಿಪಿಕಾರರ ಆಯ್ಕೆ.

1973ರಲ್ಲಿ ಜಾನ್‌ಸ್ಟನ್ ತಮ್ಮ ನಾಲ್ಕನೇ ತಂತಿವಾದ್ಯ ಚತುಷ್ಟಯವನ್ನು ರಚಿಸಿದರು. 'ಅಮೇಜಿಂಗ್ ಗ್ರೇಸ್' ಎಂಬ ಹಳೆಯ ಪ್ರಾರ್ಥನಾಗೀತೆಯ ಧಾಟಿ ಅದಕ್ಕೆ ಆಧಾರ. ಮೊದಲು ಆ ಧಾಟಿ 3ರಿಂದ ಹುಟ್ಟಿದ ಸ್ವರಗಳಲ್ಲೇ ಕೇಳಿಸುತ್ತದೆ. ಮುಂದೆ 5ರ ಸ್ವರಗಳು ಬಂದು ಸೇರುತ್ತವೆ. ಆಮೇಲೆ 7ರ ಸ್ವರಗಳು. ಒಂದೊಂದು ಅವಿಭಾಜ್ಯ ಸಂಖ್ಯೆ ಬಂದಂತೆಲ್ಲ ಅದೇ ಧಾಟಿಯ ಬಣ್ಣ ಬದಲಾಗುತ್ತ ಹೋಗುವುದನ್ನು ಕಿವಿಯಿಂದಲೇ ಹಿಡಿಯಬಹುದು. ಅವರ ಚತುಷ್ಟಯಗಳು ಒಟ್ಟು ಹತ್ತು. ಏಳನೆಯದರಲ್ಲಿ ಸಾವಿರಕ್ಕೂ ಮಿಕ್ಕಿ ಬೇರೆ ಬೇರೆ ಸ್ವರಸ್ಥಾನಗಳು ಬರುತ್ತವೆ. ಕೆಪ್ಲರ್ ಕ್ವಾರ್ಟೆಟ್ ಎಂಬ ನಾಲ್ವರ ತಂಡ ಈ ಹತ್ತನ್ನೂ ಅಭ್ಯಾಸ ಮಾಡಿ ಧ್ವನಿಮುದ್ರಿಸಿತು. ಕೊನೆಯ ಮುದ್ರಿಕೆ 2016ರಲ್ಲಿ ಬಂತು. ಆಗ ಜಾನ್‌ಸ್ಟನ್‌ಗೆ 90 ವರ್ಷ. ಸಾವಿರಕ್ಕೂ ಹೆಚ್ಚು ಸ್ವರಗಳನ್ನು ಬರೆಯಲು ಅವರಿಗೆ ಬೇಕಾದ ಗುರುತುಗಳು ಮಾತ್ರ ಬೆರಳೆಣಿಕೆಯಷ್ಟು. ಒಳ್ಳೆಯ ಲಿಪಿಯ ಶಕ್ತಿ ಇರುವುದು ಇಲ್ಲಿಯೇ.

ಈಗ ನಿಮ್ಮ ಸರದಿ

ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ ಎಂದು ಯೂಕ್ಲಿಡ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಸಾಧಿಸಿ ತೋರಿಸಿದ. ಅಂದಮೇಲೆ ಹೊಸ ಸ್ವರಗಳಿಗೂ ಕೊನೆಯಿಲ್ಲ. ಹದಿಮೂರರ ನಂತರ 17, 19, 23 ಕಾದು ನಿಂತಿವೆ. ಸಂಖ್ಯೆ ದೊಡ್ಡದಾದಂತೆ ಹಾರ್ಮೋನಿಕ್‌ಗಳು ಕ್ಷೀಣವಾಗುತ್ತವೆ, ಶ್ರುತಿ ಸೇರಿತೇ ಇಲ್ಲವೇ ಎಂದು ಕಿವಿ ಹೇಳುವುದು ಕಷ್ಟವಾಗುತ್ತದೆ. ಆದರೂ ಕಷ್ಟದ ಸ್ವರಕ್ಕೂ ಒಂದು ಹೆಸರು ಇದ್ದರೆ ಅದನ್ನು ಹುಡುಕಿಕೊಂಡು ಹೋಗಬಹುದು, ಕಲಿಯಬಹುದು, ಇನ್ನೊಬ್ಬರಿಗೆ ಕಲಿಸಬಹುದು. ಹೆಸರಿಲ್ಲದ ಸ್ವರವನ್ನು ಜನ ಅಪಸ್ವರವೆಂದು ಬದಿಗೆ ತಳ್ಳಿಬಿಡುತ್ತಾರೆ. ಏಳರ ಸ್ವರಕ್ಕೆ ಬಹುಕಾಲ ಆದದ್ದು ಇದೇ.

ಈಗ ಒಂದು ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. 55:32 ಎಂಬ ಅಂತರಕ್ಕೆ ನೀವೇ ಹೆಸರಿಡಿ. 55ನ್ನು ಮೊದಲು ಒಡೆಯಿರಿ. ಐದಕ್ಕೆ ಬಲಕ್ಕೆ ನಾಲ್ಕು ಮನೆ, ಹನ್ನೊಂದಕ್ಕೆ ಎಡಕ್ಕೆ ಒಂದು ಮನೆ. ಮೇನ್ ರೋಡಿನಲ್ಲಿ ಯಾವ ಸ್ವರಕ್ಕೆ ಬಂದಿರಿ? ಅಲ್ಲಿಂದ ಬಾಣ ಎಷ್ಟು ಇಳಿಸುತ್ತದೆ, ಹನ್ನೊಂದರ ಗುರುತು ಎಷ್ಟು ಏರಿಸುತ್ತದೆ? ಕೊನೆಗೆ 412.5 ಬಂದರೆ ನಿಮ್ಮ ಹೆಸರು ಸರಿ. ಅದನ್ನು ಬರೆದಿಟ್ಟುಕೊಂಡು, ಗೆಳೆಯರಿಗೆ ಬೇರೊಂದು ಅನುಪಾತ ಕೊಟ್ಟು ಅವರಿಂದಲೂ ಹೆಸರಿಡಿಸಿ.